ಪಡುವಣ ಕಡಲಿನ ಸೂರ್ಯೋದಯ

ದುರ್ಗಿಗುಡಿ, ಶಿವಮೊಗ್ಗ
ಧಾತು ಸಂವತ್ಸರದ ಮಾರ್ಗಶಿರ ಬಹುಳ ತದಿಗೆ, ಗುರುವಾರ
೩೧-೧೨-೧೯೩೬

ಭದ್ರಾವತಿಯಲ್ಲಿರುವ ಚಿರಂಜೀವಿ ಶಿವರಾಮನಿಗೆ ನಿನ್ನ ಭಾವ ಶಂಕರನಾರಾಯಣ ಶಾಸ್ತ್ರಿಯ ಆಶೀರ್ವಾದ.

ಆಶೀರ್ವಾದವನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದಿನ ಸಾಲುಗಳಲ್ಲಿ ಅದಕ್ಕೆ ಸ್ಥಳ ಸಿಕ್ಕೀತೆಂಬ ಭರವಸೆ ನನಗಿಲ್ಲ. ನಿನ್ನ ಅಕ್ಕ ಕ್ಷೇಮವಾಗಿದ್ದಾಳೆ. ಯಾತ್ರೆಯಿಂದ ತಂದ ಕೆಮ್ಮು ಇಳಿದಿದೆ. ನಿನ್ನ ಮಡದಿ ಚಿ. ಸೌ. ಶಾಮಲೆಯ ಕಾಲುನೋವು ವಾಸಿಯಾಗಿರಬಹುದೆಂದು ನಂಬುತ್ತೇನೆ. ನಿನ್ನ ಕಾಗದ ಕೈಸೇರಿ ಹನ್ನೆರಡು ದಿನಗಳಾದವು. ತಡವಾದುದನ್ನು ಮನ್ನಿಸು. ಮೂರು ಬಾರಿ ಉತ್ತರ ಬರೆದೆ, ಮೂರು ಬಾರಿಯೂ ತುಂಗೆಯಲ್ಲಿ ಮಿಂದು ಬಂದ ಕೈ ಬರೆಯಬಾರದ ಮಾತುಗಳನ್ನು ಬರೆಯಿತು, ಹರಿದು ಹಾಕಿದೆ. ಇದು ನಾಲ್ಕನೆಯದು. ಇದನ್ನು ಹರಿಯುವುದಿಲ್ಲ.

ನಿನ್ನ ಅಕ್ಕನನ್ನು ಗೋಕರ್ಣಕ್ಕೆ ಕರೆದೊಯ್ಯುತ್ತೇನೆಂದು ನೀನು ಬಂದು ಕೇಳಿದೆ. ಕ್ಷೇತ್ರದರ್ಶನ, ಅಮಾವಾಸ್ಯೆಯ ಸಮುದ್ರಸ್ನಾನ, ಎಂಟು ದಿನಗಳಲ್ಲಿ ಹಿಂತಿರುಗುವುದು: ಇಷ್ಟೇ ನಿನ್ನ ಮಾತಾಗಿತ್ತು. ನಾನು ಬರೆದ ಪುಸ್ತಕವನ್ನು ಕಡಲ ದಂಡೆಯಲ್ಲಿ ಹಾಸ್ಯಗಾರನ ಪದದಂತೆ ಓದಿ, ಗುಂಪು ಕೂಡಿಸಿ, ಅದರ ವರದಿಯನ್ನು ನನಗೇ ಅಂಚೆಯಲ್ಲಿ ಕಳುಹಿಸುತ್ತೇನೆಂದು ನೀನು ಹೇಳಿರಲಿಲ್ಲ.

ಆ ಪುಸ್ತಕ ಯಾವುದೆಂಬುದು ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ‘ಗೋಕರ್ಣಯಾತ್ರಾಪ್ರದೀಪಿಕೆ’. ಮೂವತ್ತು ವರ್ಷಗಳ ಹಿಂದೆ ರಚಿಸಿದ್ದು. ಮೂವತ್ತೆರಡು ಪುಟ, ಮೂರು ಮುದ್ರಣ. ಈ ಸೀಮೆಯಿಂದ ಆ ಕ್ಷೇತ್ರಕ್ಕೆ ಹೊರಟವರು ಅದನ್ನು ಗಂಟಿನಲ್ಲಿಟ್ಟುಕೊಂಡೇ ಹೋಗಿದ್ದಾರೆ. ಮೊದಲು ಯಾರನ್ನು ಪೂಜಿಸಬೇಕು, ಯಾವ ತೀರ್ಥದಲ್ಲಿ ಹೇಗೆ ಸಂಕಲ್ಪ ಮಾಡಬೇಕು, ಯಾವ ಹೊತ್ತಿಗೆ ಎಲ್ಲಿ ನಿಂತು ಏನನ್ನು ನೋಡಬೇಕು, ಎಲ್ಲವೂ ಅದರಲ್ಲಿದೆ. ಓದಿದವರು ಬಂದು ಕಾಲಿಗೆರಗಿ ಹೋಗಿದ್ದಾರೆ. ಮೂವತ್ತು ವರ್ಷ ಯಾರ ಕಣ್ಣಿಗೂ ಕಾಣದ ದೋಷ, ಕಬ್ಬಿಣ ಕಾಯಿಸುವವರ ನಡುವೆ ದುಡಿಯುವ ನಿನ್ನ ಕಣ್ಣಿಗೆ ಕಾಣಬೇಕಾಗಿತ್ತೇ?

ಕೋಟಿತೀರ್ಥದ ಜಲ ಸ್ಫಟಿಕನಿರ್ಮಲವೆಂದು ನಾನು ಬರೆದೆ. ನೀನು ಬರೆಯುತ್ತೀ: “ಭಾವ, ಸ್ಫಟಿಕ ಕಾಣ್ಲಿಲ್ಲ, ಪಾಚಿ ಕಾಣ್ತು. ಮೂರನೇ ಮೆಟ್ಟಿಲಲ್ಲಿ ಶಾಮಲಾ ಜಾರಿ ಬಿದ್ದಳು.” ತೀರ್ಥಕ್ಕೆ ಹೋಗುವವನು ಕೆರೆ ಪರೀಕ್ಷಿಸುವ ಅಧಿಕಾರಿಯಂತೆ ಹೋಗುವುದಿಲ್ಲ, ಶಿವರಾಮ. ಕಡಲ ದಂಡೆಯಲ್ಲಿ ಮಲಯಮಾರುತ ಬೀಸುತ್ತದೆಂದು ಬರೆದೆ. “ನಾವು ನಿಂತ ಕಡೆ ಒಣಮೀನು ಹರಡಿದ್ರು ಭಾವ, ನಿಮ್ಮ ಮಾರುತ ಅದರ ಮೇಲಿಂದಲೇ ಬಂತು” ಎಂದು ಬರೆದು, ಅಡಿಗೆರೆ ಬೇರೆ ಎಳೆದಿದ್ದೀ. ಮಹಾಗಣಪತಿಗೆ ಒಂದು ಸಾಲು. ರಾವಣನ ಬಲಕ್ಕೂ ಅಲುಗದ ಆ ಮಹಾಬಲೇಶ್ವರನಿಗೆ ಎರಡು ಸಾಲು. ತಾಮ್ರಗೌರಿಯ ಹೆಸರೇ ಇಲ್ಲ. ಆದರೆ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಒಂದು ಪೂರ್ತಿ ಪುಟ! ಉಪ್ಪಿನ ರಾಶಿ ಬಿಸಿಲಿಗೆ ಹೊಳೆಯುವುದು, ದೋಣಿಯವರು ಒಕ್ಕೊರಲಿನಿಂದ ಕೂಗುತ್ತ ಬಲೆ ಎಳೆಯುವುದು, ಗುಡ್ಡದ ಬಂಡೆಯ ಮೇಲಿಂದ ಕಡಲು ಬಾಗಿದಂತೆ ಕಾಣುವುದು, ಎಳನೀರಿನ ರುಚಿ. ಆತ್ಮಲಿಂಗದ ಸನ್ನಿಧಿಗೆ ಹೋಗಿ ಉಪ್ಪನ್ನು ನೋಡಿ ಬಂದೆ. ನೋಡು, ಬೇಡವೆನ್ನುವುದಿಲ್ಲ, ಅದನ್ನು ನನ್ನ ಪುಸ್ತಕದ ಮೇಲೆ ಸುರಿಯಬೇಡ.

ಇಷ್ಟನ್ನೂ ಸಹಿಸಿದೆನೆಂದುಕೋ. ಈಗ ಹತ್ತನೆಯ ಪುಟಕ್ಕೆ ಬರೋಣ.

“ಅರುಣೋದಯಕಾಲದಲ್ಲಿ ಯಾತ್ರಿಕನು ಕಡಲಿಗೆ ಅಭಿಮುಖನಾಗಿ ನಿಂತು, ಆ ಜಲಧಿಯ ಗರ್ಭದಿಂದ ಕುಂಕುಮದ ಬಟ್ಟಲಿನಂತೆ ಮೇಲೇಳುವ ಭಾಸ್ಕರನನ್ನು ದರ್ಶಿಸಿ ಅರ್ಘ್ಯವನ್ನು ಕೊಡತಕ್ಕದ್ದು.” ಹೌದು, ಬರೆದವನು ನಾನೇ. ಗೋಕರ್ಣದ ಕಡಲು ಪಡುವಣ ಕಡಲೆಂದು ಮೊದಲನೆಯ ಪುಟದಲ್ಲಿ ಬರೆದವನೂ ನಾನೇ. ಒಂಬತ್ತು ಪುಟಗಳಷ್ಟರಲ್ಲಿ ಸೂರ್ಯನನ್ನು ಪಶ್ಚಿಮದಲ್ಲಿ ಹುಟ್ಟಿಸಿದೆ. ಹೇಗೆಂದು ನೀನು ಕೇಳುತ್ತೀ. ಕಾವ್ಯಲಕ್ಷಣವನ್ನು ಓದಿದವನಿಗೆ ಹದಿನೆಂಟು ವರ್ಣನೆಗಳು ನಾಲಿಗೆಯ ತುದಿಯಲ್ಲಿರುತ್ತವೆ. ಸಮುದ್ರವರ್ಣನೆಯನ್ನು ಮುಗಿಸಿದ ಲೇಖನಿ ಸೂರ್ಯೋದಯವರ್ಣನೆಗೆ ತಾನಾಗಿ ಹರಿಯಿತು. ಎರಡೂ ಚೆನ್ನಾಗಿದ್ದವು. ಒಂದರ ಪಕ್ಕದಲ್ಲಿ ಒಂದನ್ನಿಟ್ಟೆ. ದಿಕ್ಕು ಯಾರಿಗೆ ನೆನಪಿತ್ತು?

ಮೊದಲು ಅಚ್ಚುಕೂಟದ ಏಕಾಂತಪ್ಪನ ಮೇಲೆ ಹೊರಿಸಲು ಹೋದೆ. ಅದನ್ನೂ ಬರೆಯುತ್ತೇನೆ, ನಕ್ಕುಕೋ. “ಸೂರ್ಯಾಸ್ತ ಅಂತ ಇದ್ದದ್ದನ್ನ ನಿನ್ನ ಹುಡುಗ್ರು ಸೂರ್ಯೋದಯ ಮಾಡಿದಾರೆ” ಎಂದೆ. ಆತ ಕನ್ನಡಕವನ್ನು ಹಣೆಗೇರಿಸಿ, “ಶಾಸ್ತ್ರಿಗಳೇ, ನಾವು ಅಚ್ಚುಮೊಳೆ ಜೋಡಿಸೋರು, ಸೂರ್ಯನ್ನ ಹುಟ್ಸೋರಲ್ಲ. ನಿಮ್ಮ ಕೈಬರಹ ಇಟ್ಕೊಂಡಿದೀನಿ, ತರ್ಲಾ?” ಎಂದ. ಬೇಡವೆಂದು ಎದ್ದು ಬಂದೆ.

ಇನ್ನು ನಿನ್ನ ಕಾರ್ಖಾನೆಯ ಗೆಳೆಯ ಭೈರಪ್ಪ. ಕಳೆದ ಸೋಮವಾರ ರೈಲು ನಿಲ್ದಾಣದಲ್ಲಿ ಹತ್ತು ಜನರ ನಡುವೆ ಕೈಮುಗಿದು, “ಬುದ್ಧಿ, ನಾಳೆ ಸೂರ್ಯ ಯಾವ ಕಡೆಯಿಂದ ಬರ್ತಾನೆ? ನಮ್ಮ ಮನೆ ಬಾಗಿಲು ಆ ಕಡೆ ಇಡಿಸ್ಬೇಕು” ಎಂದು ಕೇಳಿದ. ಮುಹೂರ್ತಕ್ಕಾಗಿ ಊರೇ ನನ್ನ ಜಗಲಿಗೆ ಬರುತ್ತದೆ. ಗ್ರಹಗತಿಯನ್ನು ಹೇಳುವ ನಾನು ಸೂರ್ಯನ ದಿಕ್ಕನ್ನು ತಿಳಿಯದವನೆಂದು ಭದ್ರಾವತಿಯ ಕುಲುಮೆಯ ಮುಂದೆಲ್ಲ ನೀನು ಸಾರಿರಬೇಕು. ನಿನ್ನ ಮದುವೆಗೆ ಲಗ್ನವಿಟ್ಟವನು ಯಾರು? ನಾಲ್ಕು ವರ್ಷದ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತುಂಗೆಯ ದಡದಲ್ಲಿ ಅಕ್ಷರ ಹೇಳಿಕೊಟ್ಟವನು ಯಾರು? ಆ ಅಕ್ಷರಗಳಲ್ಲೇ ಅಲ್ಲವೇ ನೀನು, ನಿನ್ನ ಕಾಗದದಲ್ಲೇ ಹೇಳಿಕೊಂಡಂತೆ, ಹತ್ತನೆಯ ಪುಟದ ಅಂಚಿನಲ್ಲಿ ‘ಶುದ್ಧ ಸುಳ್ಳು’ ಎಂದು ಸೀಸದ ಕಡ್ಡಿಯಿಂದ ಬರೆದದ್ದು?

ಊರು ನಗಲಿ. ಭೈರಪ್ಪ ನಗಲಿ. ನನ್ನ ಸಿಟ್ಟು ಅದಕ್ಕಲ್ಲ. ಆ ಪುಟವನ್ನು ನಿನ್ನ ಅಕ್ಕನ ಮುಂದೆ ಏಕೆ ಓದಿದೆ?

ನಿನ್ನ ಕಾಗದದ ಆ ಭಾಗ ನನಗೆ ಬಾಯಿಪಾಠವಾಗಿದೆ. ಅಮಾವಾಸ್ಯೆಯ ಬೆಳಗು. ಅವಳು ಪುಸ್ತಕವನ್ನು ಎದೆಗೊತ್ತಿಕೊಂಡು, ಮಡಿಸೀರೆಯಲ್ಲಿ, ಕಡಲಿನ ಕಡೆಗೆ ಮುಖಮಾಡಿ ನಿಂತಳೆಂದು ಬರೆದಿದ್ದೀ. ನೀನು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದೆ. ನೀರು ತಾನಾಗಿ ಬೆಳ್ಳಗಾಯಿತು. ನಿಮ್ಮ ನೆರಳುಗಳು ಮರಳಿನ ಮೇಲೆ ಉದ್ದಕ್ಕೆ ಚಾಚಿ ಅಲೆಯನ್ನು ಮುಟ್ಟಿದವು. ಹೂ ಮಾರುವ ಹೆಂಗಸೊಬ್ಬಳು, “ಎಂತ ಕಾಯ್ತೀರಿ ಅಮ್ಮಾ? ಸೂರ್ಯ ನಿಮ್ಮ ಬೆನ್ನಿಗೆ ಬಂದಾಯ್ತಲ್ಲ!” ಎಂದಳು. ಸ್ನಾನಕ್ಕೆ ಬಂದವರೆಲ್ಲ ನಕ್ಕರು. ನೀನೂ ನಕ್ಕೆ. ಶಾಮಲಾ ಸೆರಗನ್ನು ಬಾಯಿಗೆ ಹಿಡಿದಳು. ನಿನ್ನ ಅಕ್ಕ ಮಾತ್ರ ಹಿಂತಿರುಗಿ ನೋಡಲಿಲ್ಲ. “ಸುಮ್ನಿರೋ ಶಿವು, ನಿಮ್ಮ ಭಾವ ನೋಡಿದ ದಿನ ಹಾಗೇ ಇತ್ತೇನೋ” ಎಂದಳಂತೆ.

ಇದನ್ನು ಓದಿ ನಾನು ನಗುವೆನೆಂದು ಹೇಗೆ ಭಾವಿಸಿದೆ? ಮೂವತ್ತಾರು ವರ್ಷ ನನ್ನ ಮಾತನ್ನು ನಂಬಿಕೊಂಡು ಬಂದ ಹೆಂಗಸು. ಪಂಡಿತರು ಏನನ್ನಾದರೂ ಹೇಳಲಿ, ಅವಳ ಕಣ್ಣಿನಲ್ಲಿ ಮರ್ಯಾದೆಯುಳ್ಳವನಾಗಿ ನಾನು ಈ ಮನೆಯ ಬಾಗಿಲಲ್ಲಿ ಕಾಲಿಡುತ್ತಿದ್ದೆ. ಅದೊಂದನ್ನು ನೀನು ಕಡಲ ದಂಡೆಯಲ್ಲಿ, ಪರರ ನಗೆಯ ನಡುವೆ, ಮರಳಿಗೆ ಹಾಕಿದೆ.

ಕೊನೆಯಲ್ಲಿ ಕೇಳಿದ್ದೀ: “ಭಾವ, ನಿಜ ಹೇಳಿ, ನೀವು ಗೋಕರ್ಣಕ್ಕೆ ಹೋಗಿದ್ದು ಉಂಟಾ?” ಹೆಂಡತಿಯ ತಮ್ಮನಿಗೆ ಈ ಪ್ರಶ್ನೆಯನ್ನು ಕೇಳುವ ಅಧಿಕಾರವಿಲ್ಲ. ಉತ್ತರವನ್ನು ಕೊಡುವುದಿಲ್ಲ.

ನಾಲ್ಕನೆಯ ಮುದ್ರಣವನ್ನು ನಿಲ್ಲಿಸಲು ಏಕಾಂತಪ್ಪನಿಗೆ ಹೇಳಿದ್ದೇನೆ. ನೀನು ಕಾರ್ಖಾನೆಯಲ್ಲಿ ಈ ಪ್ರಸಂಗವನ್ನು ಇನ್ನೊಮ್ಮೆ ಎತ್ತಿದರೆ, ನನ್ನ ಶ್ರಾದ್ಧದ ದಿನ ಹೊರತು ಈ ಮನೆಗೆ ಬರಬೇಡ.

ಮಕ್ಕಳು ಚೆನ್ನಾಗಿ ಓದಲಿ. ಶಾಮಲಾ ಸುಮಂಗಲಿಯಾಗಿ ಬಹುಕಾಲ ಬಾಳಲಿ. ಕುಲುಮೆಯ ಬಳಿ ಕೆಲಸಮಾಡುವಾಗ ಕಣ್ಣಿನ ಮೇಲೆ ಎಚ್ಚರವಿರಲಿ. ಸಿಟ್ಟಿನಲ್ಲಿ ಬರೆದರೂ ಇವು ಫಲಿಸಲೆಂದೇ ಬರೆದಿದ್ದೇನೆ.

ಇತಿ,
ಶಂಕರನಾರಾಯಣ ಶಾಸ್ತ್ರಿ

ಮರೆತ ಮಾತು:

ಕಾಗದವನ್ನು ಮಡಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಉತ್ತರವನ್ನು ಕೊಡುವುದಿಲ್ಲವೆಂದೆ. ಅದು ಸಿಟ್ಟಲ್ಲ, ಹೇಡಿತನ.

ನಾನು ಗೋಕರ್ಣವನ್ನು ನೋಡಿಲ್ಲ. ಕಡಲನ್ನೇ ನೋಡಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊರಟದ್ದು ನಿಜ. ದಾರಿಯಲ್ಲಿ, ಸಾಗರದ ಪೇಟೆಯಲ್ಲೇ ಚಳಿಜ್ವರ ಹಿಡಿಯಿತು, ಅಲ್ಲಿಂದಲೇ ಹಿಂತಿರುಗಿದೆ. ಮುಂದಿನ ತಿಂಗಳು ಹೆಣ್ಣು ನೋಡಲು ನಿಮ್ಮ ಮನೆಗೆ ಬಂದಾಗ ನಿನ್ನ ತಂದೆ, “ಯಾತ್ರೆ ಎಲ್ಲೆಲ್ಲಿ ಆಗಿದೆ?” ಎಂದು ಕೇಳಿದರು. ಬಾಗಿಲ ಹಿಂದೆ ಬಳೆ ಸದ್ದಾಯಿತು. “ಗೋಕರ್ಣ ಆಗಿದೆ” ಎಂದೆ. ಮದುವೆಯಾಗಿ ಬಂದವಳು ಮೊದಲು ಕೇಳಿದ್ದು ಒಂದೇ: “ಸಮುದ್ರ ಹೇಗಿರುತ್ತೆ?” ಹೇಳಿದೆ. ಇನ್ನೂ ಹೇಳಿ ಎಂದಳು. ವರ್ಷಗಟ್ಟಲೆ ಹೇಳಿದೆ. ಆ ಪುಸ್ತಕ ಅವಳಿಗೆ ಹೇಳಿದ ಮಾತುಗಳೇ, ಶಿವರಾಮ. ಪುರಾಣದಿಂದ ತೆಗೆದದ್ದು ಅದರಲ್ಲಿ ಅರ್ಧವೂ ಇಲ್ಲ.

ಕರೆದುಕೊಂಡು ಹೋಗಿ ಎಂದು ಅವಳು ಕೇಳಿದಾಗಲೆಲ್ಲ ಪಂಚಾಂಗವನ್ನು ತೆಗೆದೆ. ಒಂದು ವರ್ಷ ಗುರುಮೌಢ್ಯ, ಒಂದು ವರ್ಷ ಶುಕ್ರಮೌಢ್ಯ, ಒಮ್ಮೆ ದಿಕ್ಶೂಲ, ಒಮ್ಮೆ ಅವಳಿಗೆ ಚಂದ್ರಬಲವಿಲ್ಲ. ಹೋದರೆ ಯಾವ ಬೀದಿ ಕಡಲಿಗೆ ಇಳಿಯುತ್ತದೆಂಬುದು ನನಗೆ ತಿಳಿಯದೆಂದು ಅವಳಿಗೆ ತಿಳಿದುಬಿಡುತ್ತಿತ್ತು. ಊರವರ ಮನೆಗಳಿಗೆಲ್ಲ ಶುಭಗಳಿಗೆ ಹುಡುಕಿಕೊಟ್ಟ ಶಾಸ್ತ್ರದಿಂದ ನನ್ನ ಮನೆಯ ಬಾಗಿಲಿಗೆ ಅಗುಳಿ ಹಾಕಿದೆ. ನೀನು ಬಂದು ಕೇಳಿದ ದಿನವೂ ದೋಷವನ್ನು ಹುಡುಕಿದೆ, ಸಿಗಲಿಲ್ಲ.

ಅವಳು ಬಂದ ಮೇಲೆ ಉಪ್ಪು, ದೋಣಿ, ಪಾಚಿ, ಎಲ್ಲವನ್ನೂ ಹೇಳಿದಳು. ಆ ಬೆಳಗನ್ನು ಹೇಳಲಿಲ್ಲ. ನಿನ್ನೆ ದೇವರಮನೆಯಲ್ಲಿ ಪುಸ್ತಕ ಅದರ ಜಾಗದಲ್ಲಿತ್ತು. ಹತ್ತನೆಯ ಪುಟವನ್ನು ತೆಗೆದೆ. ನೀನು ಬರೆದದ್ದು ಅಲ್ಲಿಲ್ಲ. ಉಜ್ಜಿ ಉಜ್ಜಿ ಅಳಿಸಿದ್ದಾಳೆ. ಕಾಗದ ಸವೆದು ಆಚೆಯ ಬೆಳಕು ಕಾಣುತ್ತಿತ್ತು. ಅವಳು ಗಂಧ ತೇಯುತ್ತ ಕುಳಿತಿದ್ದಳು. ತಡೆಯಲಾರದೆ, “ಸೂರ್ಯೋದಯ ಹೇಗಿತ್ತು?” ಎಂದು ಕೇಳಿಬಿಟ್ಟೆ.

ತಲೆಯೆತ್ತದೆ ಹೇಳಿದಳು: “ನೀವು ಬರೆದ ಹಾಗೇ ಇತ್ತು.”

ನೀನು ನಕ್ಕದ್ದಕ್ಕೆ ಇಷ್ಟು ಪುಟ ಬೈದೆ. ಅವಳು ಒಮ್ಮೆ ಬೈದಿದ್ದರೆ ನಾನು ಈ ಕಾಗದವನ್ನೇ ಬರೆಯುತ್ತಿರಲಿಲ್ಲ.

ಪುಷ್ಯದ ಅಮಾವಾಸ್ಯೆಗೆ ಗೋಕರ್ಣ ಸೇರುವಂತೆ ಹೊನ್ನಾವರದ ಮೋಟಾರಿನಲ್ಲಿ ಎರಡು ಜಾಗ ಹೇಳಿಸು. ಮುಹೂರ್ತ ನೋಡುವುದಿಲ್ಲ. ದಾರಿ ನನಗೆ ಗೊತ್ತಿಲ್ಲವೆಂದು ಮೋಟಾರು ಹತ್ತುವ ಮೊದಲು ನಾನೇ ಅವಳಿಗೆ ಹೇಳುತ್ತೇನೆ. ನೀನು ಹೇಳಬೇಡ.

ಶಂ. ಶಾ.