ಬೀಗವಿಲ್ಲದ ಮನೆಯಲ್ಲಿ ಅಕ್ಕನ ತೊಂಬತ್ತು ದಿನ

ಹುಬ್ಬಳ್ಳಿ,
ಫೆಬ್ರವರಿ ೩೦, ೨೧೭೧

ಮಾನ್ಯ ಹಿರಿಯರೇ,

ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕಳೆದ ಕಾಲಕ್ಕೆ ಕಾಗದ ಮುಟ್ಟಿಸುವ ಹಿಮ್ಮುಖ ಅಂಚೆಯಲ್ಲಿ ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರ. ನನ್ನದನ್ನು ಅಕ್ಕ ನೀಲಗಂಗಾಳಿಗಾಗಿ ಖರ್ಚು ಮಾಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಚಟ ಬಿಡಲು ಪರದೇಶಕ್ಕೆ ಹೊರಟಿದ್ದರೆ ಅವರಿಗೆ ಓದಿ ಹೇಳಿ.

ಅಕ್ಕ ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು. ಭುಜದ ನೋವಿಗೆಂದು ನಾಲಿಗೆಗೆ ಬಿಟ್ಟುಕೊಳ್ಳುವ ಮಂಪರುಹನಿ ಶುರುಮಾಡಿದಳು. ನೋವು ಹೋಯಿತು, ಹನಿ ಉಳಿಯಿತು. ಎರಡು ವರ್ಷದಲ್ಲಿ ಅದಿಲ್ಲದೆ ಹಾಸಿಗೆ ಬಿಟ್ಟು ಏಳಲಾರದಂತಾದಳು. ಒಂದು ಬೆಳಿಗ್ಗೆ ಹೆರಿಗೆಯ ನಡುವೆ ಕೈ ನಡುಗಿತು. ತಕ್ಷಣ ಹಿಂದೆ ಸರಿದು ತನ್ನ ಜೊತೆಗಿದ್ದ ಕಿರಿಯ ಸೂಲಗಿತ್ತಿ ಶಕೀಲಾಳಿಗೆ, "ನೀ ಹಿಡಿ. ನನ್ನ ಕೈ ಇವತ್ತ ನಂಬಬ್ಯಾಡ" ಅಂದಳು. ಕೂಸು ಕ್ಷೇಮವಾಗಿ ಬಂತು. ಮಧ್ಯಾಹ್ನ ನನ್ನೆದುರು ಕೂತು ಹನಿಯ ಚಟದ ವಿಷಯ ಹೇಳಿದಳು.

ಇಲ್ಲೇ ಚಿಕಿತ್ಸೆ ಇದೆಯಲ್ಲ ಎಂದೆ. "ಈ ಊರಾಗ ಅರ್ಧಕ್ಕರ್ಧ ಮಂದಿ ನನ್ನ ಕೈಯಾಗ ಹುಟ್ಟ್ಯಾರ. ಅವರ ಮುಂದ ನಾ ಹ್ಯಾಂಗ ಅಳಲಿ?" ಎಂದಳು.

ಹಾಗಾಗಿ ಎಸ್ಟೋನಿಯಾದ ಒಂದು ದ್ವೀಪದಲ್ಲಿ ಚಟ ಬಿಡಿಸುವ ಮನೆ. ಬಾಗಿಲವರೆಗೆ ನಾನೂ ಹೋದೆ. ಹೆಲ್ವಿ ಎಂಬ ದಾದಿ ಚೀಲವನ್ನೆಲ್ಲ ಬಿಡಿಸಿ ನೋಡಿದಳು. ಶಾಂಪೂ ಬಾಟಲಿಯನ್ನೂ ಮೂಸಿದಳು. ಅಕ್ಕನಿಗೆ ಅವಮಾನವಾಯಿತು. ಆದರೆ ಹೆಲ್ವಿ ಸೀರೆಗಳನ್ನು ಮತ್ತೆ ಮೊದಲಿನ ಮಡಿಕೆಯಲ್ಲೇ ಮಡಿಸಿಟ್ಟಳು. ಹನಿಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ವೈದ್ಯರು ದಿನದಿನಕ್ಕೆ ಇಳಿಸಿದರು. ಆದರೂ ಮೊದಲ ವಾರ ಬೆವರು, ವಾಂತಿ, ಮೂಳೆಯೊಳಗೆ ಇರುವೆ ಹರಿದಂಥ ಸಂಕಟ. ಆಮೇಲೆ ದಿನಚರಿ: ಬೆಳಿಗ್ಗೆ ನಡಿಗೆ, ಅಡುಗೆಮನೆ ಪಾಳಿ, ದಿನಕ್ಕೆರಡು ಸಲ ಎಲ್ಲರೂ ವೃತ್ತವಾಗಿ ಕೂತು ಮಾತು, ವಾರಕ್ಕೊಮ್ಮೆ ಮನೆಗೆ ಕರೆ. ಉಪ್ಪುಖಾರವಿಲ್ಲದ ಊಟ. ಕರೆಯಲ್ಲೆಲ್ಲ ಅದೊಂದೇ ದೂರು.

ಅಲ್ಲಿ ಹನ್ನೊಂದು ದೇಶದವರಿದ್ದರು. ಕಿವಿಯ ಹಿಂದೆ ಅಂಟಿಸುವ ಮಾತುಮಣಿ ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ತಿರುಗಿಸುತ್ತಿತ್ತು. ಅಕ್ಕ ಮೂರು ವಾರ ಮಣಿಯ ಮೂಲಕ ಚೊಕ್ಕ ಮಾತಾಡಿದಳು, ನಿಜ ಒಂದೂ ಆಡಲಿಲ್ಲ. ಒಂದು ದಿನ ಹೆಲ್ವಿ ಎಲ್ಲರ ಮಣಿ ತೆಗೆಸಿದಳು. ಅಕ್ಕ ಶುದ್ಧ ಹುಬ್ಬಳ್ಳಿ ಮಾತಲ್ಲಿ ಶುರುಮಾಡಿ, ನಡುಗುವ ಕೈಯಲ್ಲಿ ಹಿಂದೆಯೂ ಎಷ್ಟೋ ಕೂಸು ಹಿಡಿದದ್ದನ್ನು, ಯಾರಿಗೂ ಹೇಳದ್ದನ್ನು, ಅರ್ಧ ಗಂಟೆ ಹೇಳಿದಳು. ಒಂದಕ್ಷರ ತಿಳಿಯದ ಹತ್ತು ಜನ ಕದಲದೆ ಕೇಳಿದರು.

ಮರುದಿನವೇ ಚೀಲ ಕಟ್ಟಿದಳು. ಅಲ್ಲಿ ಬಾಗಿಲಿಗೆ ಬೀಗವಿಲ್ಲ, ಯಾರೂ ತಡೆಯಲಿಲ್ಲ. ದೋಣಿಕಟ್ಟೆಯಲ್ಲಿ ಕೂತಳು. ಎರಡು ದೋಣಿ ಬಂದು ಹೋದವು. ಹತ್ತಲಿಲ್ಲ. ಸಂಜೆ ಊಟದ ಹೊತ್ತಿಗೆ ವಾಪಸು ಹೋಗಿ ತಟ್ಟೆ ತೊಳೆಯುವ ತನ್ನ ಪಾಳಿಗೆ ನಿಂತಳು. ನನ್ನ ಅಕ್ಕನ ಬಗ್ಗೆ ನನಗೆ ಬಲು ಹೆಮ್ಮೆಯ ದಿನ ಅದು.

ತೊಂಬತ್ತು ದಿನ ಮುಗಿಸಿ ಬಂದ ಮೇಲಿನದು ಇನ್ನೂ ಕಷ್ಟ. ಮೊದಲ ವರ್ಷ ಒಮ್ಮೆ ಜಾರಿದಳು. ಅದೇ ದಿನ ಹೆಲ್ವಿಗೆ ಕರೆ ಮಾಡಿ ಹೇಳಿದಳು. ಈಗ ಆರು ವರ್ಷ, ಒಂದು ಹನಿಯಿಲ್ಲ.

ಒಂದು ತಪ್ಪು ಮಾತ್ರ ನನ್ನದು. ಅಕ್ಕ ಪಾಠ ಹೇಳಲು ಹೋಗಿದ್ದಾಳೆಂದು ನೆಂಟರಿಗೆಲ್ಲ ಹೇಳಿಬಿಟ್ಟಿದ್ದೆ. ಅವಳು ಬಂದ ತಿಂಗಳಲ್ಲಿ ಒಂದು ನಿಶ್ಚಿತಾರ್ಥದ ಊಟದಲ್ಲಿ ಶಿವಲಿಂಗ ಕಾಕಾ ಎಲ್ಲರೆದುರು, "ಏನವಾ, ಪರದೇಶದಾಗ ಏನ ಕಲಿಸಿ ಬಂದಿ?" ಎಂದು ಕೇಳಿದರು.

"ಕಲಿಸಾಕ ಅಲ್ಲ ಕಾಕಾ. ಚಟ ಬಿಡಾಕ ಹೋಗಿದ್ದೆ."

ನನಗೆ ತಲೆ ಎತ್ತಲಾಗಲಿಲ್ಲ. ಕೈ ತೊಳೆದ ಮೇಲೆ ಎಪ್ಪತ್ತರ ಕಾಕಾ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ನನ್ನಂಥಾ ಮುದುಕರನ್ನೂ ತಗೋತಾರೇನ ಅಲ್ಲಿ?"

ಹೊರಟವರು ಎಲ್ಲಿಗೆ ಹೊರಟರೆಂದು ನಾನು ಮುಚ್ಚಿಟ್ಟೆ. ನೀವು ಮುಚ್ಚಿಡಬೇಡಿ, ಇಷ್ಟೇ ನನ್ನ ಬೇಡಿಕೆ.

ನಿಮ್ಮ ವಂಶದ
ಗುರುಶಾಂತ