ದ್ರಾಕ್ಷಿ ಸೋಸಿದ ಶನಿವಾರ

ವಾಡಿ
೧೬ ಡಿಸೆಂಬರ್ ೨೦೨೪

ಪ್ರೀತಿಯ ಅತ್ತಿಯವರಿಗೆ ನಿಮ್ಮ ಸೊಸಿ ಕರುಣಾಳ ವಂದನೆಗಳು.

ಮೊಣಕಾಲಿನ ಆಪರೇಷನ್ ಗಾಯ ಮಾಯಲಿಕತ್ತದಂತ ನಾದಿನಿ ಹೇಳಿದ್ಲು, ಜೀವ ಹಗುರಾಯ್ತು. ಸೊಲ್ಲಾಪುರದ ಥಂಡಿಗಿ ಕಾಲು ಹಿಡಿಯಲ್ಲ ಹೌದಿಲ್ಲ? ಗ್ವಾಡಿ ಹಿಡಕೊಂಡೇ ನಡೀರಿ, ಅವಸರ ಬ್ಯಾಡ. ಇಲ್ಲಿ ನಾವೆಲ್ಲ ಆರಾಮ ಇದ್ದೀವಿ. ಫೋನ್ ಮಾಡಿದ್ರ ಅಲ್ಲಿ ನಾದಿನಿ ಮಕ್ಕಳು ಸ್ಪೀಕರ್ ಹಚ್ಚಿ ಕೇಳ್ತಾವ, ಅದಕ್ಕ ಈ ಮಾತು ಕಾಗದದಾಗ ಬರೀಲಿಕತ್ತೀನಿ.

ಕ್ರಿಸ್ಮಸ್ ವೈನ್ ಸೋಸೋ ದಿನ ಮಾವಗ ಭಂಕೂರಿಗಿ ಅವರ ತಂಗಿ ಮನಿಗಿ ಕಳಿಸು ಅಂತ ಹೇಳಿ ಹೋಗಿದ್ರಿ. ಅವರು ಕುಡಿಯೋದು ಬಿಟ್ಟು ಹದಿನೆಂಟು ವರ್ಷ ಆದರೂ ನೀವು ಪ್ರತಿ ವರ್ಷ ಹಂಗೇ ಕಳಿಸ್ತಿದ್ರಿ. ಈ ಸಲ, ಮೊನ್ನಿ ಶನಿವಾರ, ಅವರು ಹೋಗಲಿಲ್ಲ. ನಿಮ್ಮ ಮಗ ಆನಂದಕುಮಾರಗ ರೈಲ್ವೆ ಡ್ಯೂಟಿ ಇತ್ತು. “ಒಬ್ಬಾಕಿ ಭರಣಿ ಹ್ಯಾಂಗ ಎತ್ತತೀ? ನಾ ಅಂಗಳದಾಗ ಕುಂದರ್ತೀನಿ” ಅಂದ್ರು ಮಾವ.

ನನ್ನ ಕೈಲಿ ಎಲ್ಲಾ ಉಲ್ಟಾ ಆಯ್ತ್ರಿ. ಸೋಸೋ ಅರಿಬಿ ಹರದು ಬೀಜ, ಸಿಪ್ಪಿ ಎಲ್ಲಾ ಪಾತೇಲಿದಾಗ ಬಿದ್ವು. ಅರ್ಧ ಭರಣಿ ಹಂಗೇ ಬಿಟ್ಟು, ಸೋಸಿದಷ್ಟು ಪ್ಲಾಸ್ಟಿಕ್ ಕ್ಯಾನಿಗಿ ಸುರುವಿದೆ. ಇರುವಿ ಬರಬಾರದಂತ ಮುಚ್ಚಳ ಗಟ್ಟಿ ತಿರುವಿ ಒಲಿ ಮಗ್ಗಲಾಗೇ ಇಟ್ಟೆ. ಮಧ್ಯಾಹ್ನ ನೋಡಿದ್ರ ಕ್ಯಾನ್ ಉಬ್ಬಿ ಗುಂಡಗ ಆಗಿತ್ತು. ನಾ ಕೂಗಿದ್ದು ಕೇಳಿ ಮಾವ ಒಳಗ ಬಂದ್ರು. “ನೀ ಆಚಿ ಸರಿಯವ್ವ, ಕಣ್ಣಿಗಿ ಬಡದೀತು” ಅಂದು ತಾವೇ ಮುಚ್ಚಳ ತಿರುವಿದ್ರು.

ಒಳಗಿನದೆಲ್ಲ ಅವರ ಮಾರಿಗೇ ಚಿಮ್ಮಿತು. ತಲಿ, ಮೀಸಿ, ಅಂಗಿ ತೊಯ್ದು, ತುಟಿ ಮ್ಯಾಲಿಂದ ಹನಿ ಇಳೀಲಿಕತ್ತಿತ್ತು. ಮಾವ ತುಟಿ ಬಿಗಿಹಿಡಿದು, ಉಸಿರೂ ಬಿಡದಂಗ ನಿಂತ್ರು. ನಾ ಹೆದರಿದೆ ಅತ್ತಿ, ಸುಳ್ಳು ಯಾಕ ಹೇಳಲಿ. ಅವರು ಸೀದಾ ನಳಕ್ಕ ಹೋಗಿ ತಲಿ ಮ್ಯಾಲ ನೀರು ಸುರುವಿಕೊಂಡ್ರು, ಉಪ್ಪು ಕೇಳಿ ಇಸಗೊಂಡು ಬಾಯಿ ಮುಕ್ಕಳಿಸಿದ್ರು. ಆಮ್ಯಾಲ ನನ್ನ ಹತ್ತಿರ ಕರದು, “ಕರುಣಾ, ವಾಸನಿ ನೋಡವ್ವ. ನಿಮ್ಮತ್ತಿ ಕೇಳಿದ್ರ ನೀ ಹೇಳಬೇಕು” ಅಂದ್ರು. “ಏನೂ ಇಲ್ಲರಿ ಮಾವಾ” ಅಂದೆ. ಅಂಗಳದ ಫರಸಿ ಕಲ್ಲಿನ ಮ್ಯಾಲ ಕುಂತು ತಲಿ ಒರಸಿಕೊಂಡ್ರು.

ಭರಣ್ಯಾಗ ಉಳಿದದ್ದು ಚೆಲ್ಲಿಬಿಡತೀನಿ ಅಂದ್ರ ಕೇಳಲಿಲ್ಲ. “ಹಬ್ಬಕ್ಕ ಬಂದೋರಿಗಿ ಏನು ಕೊಡತೀ?” ಅಂದು ಮೂಗಿಗಿ ಟವಲ್ ಕಟಗೊಂಡು, ಭರಣಿ ತಾವೇ ಎತ್ತಿ ಹಿಡಿದು ಕೊನೀತನಕ ಸೋಸಿಸಿದ್ರು. ಆರು ಬಾಟ್ಲಿ ಆಗ್ಯಾವ. ಈ ಮನಿಗಿ ಬಂದು ಎಂಟು ವರ್ಷ ಆಯ್ತು, ಮಾವಗ ನಾ ಖರೇ ನೋಡಿದ್ದು ಆವತ್ತೇ.

ದೇವರು ನಿಮ್ಮ ಕಾಲಿಗಿ ಬಲ ಕೊಡಲಿ. ಹಬ್ಬದ ಹೊತ್ತಿಗಿ ನಡಕೋತ ಬರ್ರಿ.

ನಿಮ್ಮ ಸೊಸಿ,
ಕರುಣಾ

ತಾ.ಕ.: ವೈನ್ ಇಡೋ ಅಲಮಾರಿ ಕೀಲಿ ಅವರಿಗಿ ಕಾಣಿಸಬ್ಯಾಡ ಅಂತ ನನ್ನ ಸೆರಗಿಗಿ ಕಟ್ಟಿ ಹೋಗಿದ್ರಿ. ಬಾಟ್ಲಿ ಒಳಗಿಟ್ಟು ಅದನ್ನ ಮಾವನ ಕೈಯಾಗೇ ಕೊಟ್ಟೀನಿ. ಅವರು ಅದನ್ನ ನಡುಮನ್ಯಾಗ, ಎಲ್ಲರಿಗೂ ಕಾಣೋ ಹಂಗ ಗ್ವಾಡಿ ಮೊಳಿಗಿ ತೂಗಹಾಕ್ಯಾರ. ನನಗ ಬೇಕಾದ್ರ ಬೈರಿ. ಆದ್ರ ಬಂದ ಮ್ಯಾಲ ಅದನ್ನ ಅಲ್ಲಿಂದ ತೆಗೀಬ್ಯಾಡ್ರಿ.