ಊಟ ಆತೇನ್ರಿ?

ಜಮಖಂಡಿ
೧೮ ಆಗಸ್ಟ್ ೨೦೦೮

ಚಿ. ಸೌ. ದಾನೇಶ್ವರಿಗೆ ಅವ್ವನ ಆಶೀರ್ವಾದಗಳು.

ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಪಂಚಮಿ ಮುಗಿಸಿ ನೀನು ಬೀಳಗಿ ಬಸ್ಸು ಹತ್ತಿದ ವಾರವೇ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ನಮ್ಮ ಆಸ್ಪತ್ರೆಯಲ್ಲೊಂದು ಗದ್ದಲವಾಗಿ ನನ್ನ ತಲೆ ತಲೆಯಾಗಿ ಉಳಿಯಲಿಲ್ಲ. "ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ತಿಳಿಯುತ್ತೇವೆ" ಅಂತ ಪತ್ರ ಶುರು ಮಾಡುವುದು ನಮ್ಮ ಮನೆತನದ ರೂಢಿ. ಈ ಸಲ ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಪತ್ರವನ್ನು ನಿಮ್ಮ ಮನೆಗೆ ಹಾಕದೆ ನೀನು ಕಲಿಸುವ ಸಾಲಿಯ ವಿಳಾಸಕ್ಕೆ ಹಾಕಿದ್ದೂ ಬೇಕೆಂದೇ. ಪೂರ್ತಿ ಓದು, ಆಮೇಲೆ ಯಾಕೆಂದು ನಿನಗೇ ತಿಳಿಯುತ್ತದೆ.

ನಿನ್ನಪ್ಪ ಚೆನ್ನಾಗಿದ್ದಾರೆ. ತಿಮ್ಮಾಪುರದಿಂದ ತಂದ ನಾಯಿಮರಿ ಅವರ ಎರಡನೇ ಜೋಡು ಚಪ್ಪಲಿಯನ್ನೂ ಮುಗಿಸಿತು. ಬಡಕಲು ಮೈ, ಉದ್ದ ಕಾಲು, ನಡಿಗೆ ನೋಡಿದರೆ ಯಾವ ಸಂಸ್ಥಾನದ ರಾಜನೋ ಅನ್ನಬೇಕು. ಹೊಟ್ಟೆ ಹಸಿಯಿತೋ, ಓಣಿಯನ್ನೇ ಎಬ್ಬಿಸುತ್ತದೆ. "ಇದಕ್ಕ ನಾಚಿಕಿ ಅನ್ನೂದ ಇಲ್ಲ ನೋಡ" ಎಂದು ಅವರು ಬೈಯುತ್ತಾರೆ. ನನಗೆ ಮಾತ್ರ ಇತ್ತೀಚೆಗೆ ಆ ನಾಯಿಯ ಮೇಲೆ ಗೌರವ ಬಂದಿದೆ.

ಮನೆಯಲ್ಲಿ ಇನ್ನೂ ಪಂಚಮಿ ಉಳಿದಿದೆ. ಡಬ್ಬಿಯಲ್ಲಿ ಶೇಂಗಾ ಉಂಡಿ, ಬೇವಿನ ಗಿಡದಲ್ಲಿ ಜೋಕಾಲಿ. ನೀನು ಬಂದು ಹೋದ ಗುರುತು ಅಂತ ಅಪ್ಪ ಅದನ್ನು ಬಿಚ್ಚಗೊಟ್ಟಿಲ್ಲ. ಓಣಿಯ ಹುಡುಗಿಯರೆಲ್ಲ ಜೀಕಿದರು, ನೀನು ಮಾತ್ರ ಕಟ್ಟೆಯ ಮೇಲೆ ಕೂತು ನೋಡಿದೆ. "ಟೀಚರಬಾಯಿ ಆದ ಮ್ಯಾಲ ಜೋಕಾಲಿ ಬ್ಯಾಡಾತೇನ ನಿನಗ?" ಎಂದು ನಾನು ಕಾಡಿಸಿದರೆ, "ವಯಸ್ಸಾತ ಬೇ" ಎಂದು ನಕ್ಕುಬಿಟ್ಟೆ. ಮರುದಿನ ಬೆಳಿಗ್ಗೆ ಹಣಿಗೆ ಹಿಡಿದು ಬಂದು ನನ್ನ ಮುಂದೆ ಕೂತು, "ಅವ್ವಾ, ತಲಿ ಹಿಕ್ಕಿ ಹೆರಳ ಹಾಕ" ಎಂದೆಯಲ್ಲ, ಮದುವೆಯಾದ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು. ಆ ಸುಖವನ್ನು ನಾನು ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಈಗ ಗದ್ದಲದ ವಿಷಯ. ರಬಕವಿಯ ಸುವರ್ಣಾ ನಿನಗೆ ಗೊತ್ತು. ಪಂಚಮಿಗೆ ಮನೆಗೆ ಬಂದವಳು ನಿನ್ನ ಸೀರೆಯ ಸೆರಗು ಮುಟ್ಟಿ, "ಅಕ್ಕಾರ, ಇದು ನಮ್ಮ ಓಣ್ಯಾಗಿನ ಮಗ್ಗದ್ದರಿ" ಎಂದು ಹಿಗ್ಗಿದ್ದಳಲ್ಲ, ಅವಳೇ. ನರ್ಸಿಂಗ್ ಮುಗಿಸಿ ನನ್ನ ವಾರ್ಡಿಗೆ ಬಂದು ಇನ್ನೂ ವರ್ಷವಾಗಿಲ್ಲ. ಕೈ ಚೊಕ್ಕ, ಮಾತು ಇನ್ನೂ ಚೊಕ್ಕ. ಅವಳ ತಂದೆಗೆ ಕಣ್ಣು ಮಂಜಾಗಿ ಮಗ್ಗ ನಿಂತಿದೆ, ಮನೆ ನಡೆಯುವುದು ಅವಳ ಪಗಾರದ ಮೇಲೆ. ವಾರ್ಡು ನೋಡಿಕೊಳ್ಳುವ ಹಿರಿಯ ಸಿಸ್ಟರ್ ಅಂತ ಅವಳ ತಪ್ಪು-ಒಪ್ಪು ನನ್ನ ಮೇಲೆ.

ಅವಳ ಪಾಳಿಯಲ್ಲಿ ಮಾದೇವಿ ಎಂಬ ಹಿರಿಯ ಹೆಣ್ಣುಮಗಳಿದ್ದಳು, ಚಿಕ್ಕಪಡಸಲಗಿ ಕಡೆಯವಳು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಗಾಯ. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ, ಹಣೆ ತೋಳಿಗೆಲ್ಲ ವಿಭೂತಿ. ಒಂದು ಲೋಟ ನೀರು ಬೇಕಾದರೂ ಯಾರಿಗೂ ತ್ರಾಸು ಕೊಡುವವಳಲ್ಲ. ಮಗ ಮುರಗೆಪ್ಪ ಮಾತ್ರ ತದ್ವಿರುದ್ಧ: ಕಬ್ಬಿನ ದೊಡ್ಡ ಜಮೀನುದಾರ, ದನಿ ಅದಕ್ಕಿಂತ ದೊಡ್ಡದು. ಆಕೆಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಕೊಡಬೇಕು. ಅದನ್ನು ಚುಚ್ಚಿದ ಮೇಲೆ ಹೊಟ್ಟೆಗೆ ಕೂಳು ಬೀಳದಿದ್ದರೆ ಸಕ್ಕರೆ ಪಾತಾಳಕ್ಕಿಳಿದು ಜೀವವೇ ಹೋಗಬಹುದು. ಅದಕ್ಕೇ ರೋಗಿಯನ್ನು ಕೇಳಿ, ತಾಟು ನೋಡಿಯೇ ಸೂಜಿ ಹಿಡಿಯುವುದು ನಮ್ಮಲ್ಲಿಯ ಪದ್ಧತಿ.

ಆ ದಿನ ಬೆಳಿಗ್ಗೆ ನಳ ಬರಲಿಲ್ಲ. ಹೊಳೆ ದಂಡೆ ತುಂಬಿ ಹರಿಯುವ ಶ್ರಾವಣದಲ್ಲಿ ನಮ್ಮ ನಳಕ್ಕೆ ಬರಗಾಲ! ಟ್ಯಾಂಕರಿನವನಿಗೆ ಫೋನು ಮಾಡಿ, ಅವನ ಜೊತೆ ಜಗಳಾಡಿ ಒಳಗೆ ಬರುತ್ತಿದ್ದೆ, ಸುವರ್ಣಾ ಎದುರಿಗೆ ಓಡಿ ಬಂದಳು.

"ಸಿಸ್ಟರ್, ಮಾದೇವಿ ಆಯಿ ಮಾತಾಡವಲ್ರು. ಮೈಯೆಲ್ಲಾ ಬೆವರ ಕಿತ್ತಾವ್ರಿ!"

ಹೋಗಿ ಮುಟ್ಟಿದೆ. ಮೈ ತಣ್ಣಗೆ, ತೊಯ್ದ ಅರಿವೆಯ ಹಾಗೆ. ಕಣ್ಣು ಅರ್ಧ ತೆರೆದಿವೆ, ನೋಟ ಇಲ್ಲ. ಮುರಗೆಪ್ಪ ಆಗಲೇ ತಾಯಿಯ ಬೆನ್ನ ಕೆಳಗೆ ಕೈ ಹಾಕಿ ಎತ್ತುತ್ತಿದ್ದ. "ಲಕ್ವಾ ಹೊಡದೈತಿ ನಮ್ಮವ್ವಗ! ಏನ್ ಚುಚ್ಚಿದ್ರಿ ಖರೆ ಹೇಳ್ರಿ! ನಾ ಬಾಗಲಕೋಟಿಗೆ ಒಯ್ಯಾಂವ, ಸರೀರಿ ಹಾದಿ ಬಿಟ್ಟ!"

"ನಾಷ್ಟಾ ಆಗಿತ್ತೇನ ಇವರದು?" ಎಂದು ಸುವರ್ಣಾಳನ್ನು ಕೇಳಿದೆ.

"ಆಗಿತ್ರಿ. ಊಟ ಆತೇನ್ರಿ ಆಯಿ ಅಂತ ನಾನ ಕೇಳೇನಿ, ಆತವ್ವಾ ಅಂದ್ರು. ತಾಟೂ ಖಾಲಿ ಇತ್ರಿ."

ಉಂಡಿದ್ದರೆ ಸಕ್ಕರೆ ಇಳಿಯಲು ಕಾರಣವಿಲ್ಲ. ಒಂದು ಗಳಿಗೆ ನನಗೂ ಲಕ್ವಾ ಎಂದೇ ಅನಿಸಿತು, ಸುಳ್ಳು ಹೇಳುವುದಿಲ್ಲ. ಹಣೆಯ ಬೆವರು ಒರೆಸಲು ಹೋದೆ, ಆಗ ಕಂಡಿತು. ಹಣೆ ಬರಿದಾಗಿತ್ತು. ಬೆವರಿಗೆ ಅಳಿಸಿರಬೇಕೆಂದು ಕುಪ್ಪಸದ ತೋಳು ಸರಿಸಿ ನೋಡಿದೆ. ಅಲ್ಲಿಯೂ ವಿಭೂತಿ ಇಲ್ಲ. ನಿಮ್ಮ ಅಜ್ಜಿ ನಿನಗೆ ನೆನಪಿರಬೇಕು: ಮೈಮೇಲೆ ನೀರು ಬೀಳದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ತುತ್ತಿಲ್ಲ. ನಳ ಬಂದಿಲ್ಲ. ಹಾಗಾದರೆ ಈಕೆ ಉಂಡದ್ದು ಹೇಗೆ?

ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಮೂವತ್ತನ್ನೂ ಮುಟ್ಟಿರಲಿಲ್ಲ.

"ಕೆಳಗ ಮಲಗಸ್ರಿ ಮುರಗೆಪ್ಪಾರ. ಈಗ ಒಯ್ದ್ರ ದಾರ್ಯಾಗ ಹೋಗಿಬಿಡ್ತಾರ."

"ನೀವ್ಯಾರು ಹೇಳಾಕ? ಡಾಕ್ಟರನ್ನ ಕರೀರಿ!"

ಡಾಕ್ಟರ್ ಚಿದಾನಂದ ಆಪರೇಷನ್ ಕೋಣೆಯಲ್ಲಿದ್ದರು. ಹೇಳಿ ಕಳಿಸಿದರೆ, "ಗ್ಲೂಕೋಸ್ ಹಾಕ್ರಿ, ಬಂದೆ" ಎಂದು ಅಲ್ಲಿಂದಲೇ ಕೂಗಿದರು. ನಾನು ಬಾಗಿಲಿಗೆ ಅಡ್ಡ ಹೋಗಿ ನಿಂತೆ. ಮುರಗೆಪ್ಪ ನನ್ನನ್ನು ನುಂಗುವ ಹಾಗೆ ನೋಡಿ ತಾಯಿಯನ್ನು ಮಲಗಿಸಿದ. ನರ ಹುಡುಕಿದರೆ ಒಂದೂ ಸಿಗದು, ಎಲ್ಲ ಒಳಗೆ ಸೇರಿಬಿಟ್ಟಿದ್ದವು. ಎರಡು ಸಲ ಚುಚ್ಚಿ ಸೋತೆ. ನನ್ನ ಕಣ್ಣು ಈಗ ಮೊದಲಿನಂತಿಲ್ಲ. "ಸುವರ್ಣಾ, ನೀ ಹಾಕ" ಎಂದೆ. "ಆ ಹುಡುಗಿ ಮತ್ತ ನಮ್ಮವ್ವನ್ನ ಮುಟ್ಟೂದ ಬ್ಯಾಡ!" ಎಂದು ಮಗ ಒದರಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಅಳುತ್ತಲೇ ಕೂತು, ಅಳುತ್ತಲೇ ನರ ಹಿಡಿದಳು.

ಗ್ಲೂಕೋಸ್ ಒಳಗೆ ಹೋಗುತ್ತ ಹೋಗುತ್ತ ಮಾದೇವಿಯ ಮುಖಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟವಳು ಮೊದಲು ಕೊರಳ ಕರಡಿಗೆ ಮುಟ್ಟಿ ನೋಡಿಕೊಂಡಳು, ಆಮೇಲೆ ಸೆರಗು ಸರಿ ಮಾಡಿಕೊಂಡಳು. "ಯಾಕವ್ವಾ, ಎಲ್ಲಾರೂ ಯಾಕ ನಿಂತೀರಿ?" ಎಂದಳು.

ಜೀವ ಉಳಿಯಿತು, ಇನ್ನು ಸುವರ್ಣಾಳ ಪಾಳಿ. ಡಾಕ್ಟರ ಕೋಣೆಯಲ್ಲಿ ಮುರಗೆಪ್ಪ ಮೇಜು ಗುದ್ದಿದ. "ಈ ಹುಡುಗಿ ಕೇಳೇ ಇಲ್ಲ. ಕೇಳಿದ್ರ ನಮ್ಮವ್ವ ಉಂಡಿಲ್ಲ ಅಂತಿದ್ಲು. ನಮ್ಮವ್ವ ಜನ್ಮದಾಗ ಸುಳ್ಳ ಹೇಳಿದಾಕಿ ಅಲ್ಲ. ಈಕಿನ್ನ ತಗದ ಹಾಕ್ರಿ, ಇಲ್ಲಂದ್ರ ನಾ ಪೊಲೀಸ್ ಠಾಣೆಗೆ ಹೋಗಾಂವ."

ಡಾಕ್ಟರು ಸುವರ್ಣಾಳ ಕಡೆ ತಿರುಗಿದರು. "ಕೇಳಿದ್ದ ಖರೇನ?"

"ಖರೇನ್ರಿ ಸರ್. ನಮ್ಮಪ್ಪನ ಆಣಿ."

"ಹಂಗಾರ ಅವರು ಸುಳ್ಳ ಹೇಳಿದ್ರೇನು?"

ಏನೆಂದಾಳು? ಹೌದೆಂದರೆ ಹಿರಿಯಳನ್ನು ಸುಳ್ಳಿ ಮಾಡಬೇಕು, ಅಲ್ಲವೆಂದರೆ ತಾನೇ ಸುಳ್ಳಿ. ತಲೆ ತಗ್ಗಿಸಿದಳು. ಡಾಕ್ಟರು ಅದನ್ನೇ ಒಪ್ಪಿಗೆ ಅಂತ ತಿಳಿದು, "ನಾಳಿಂದ ಬರಬ್ಯಾಡವಾ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. "ಸರ್, ಚುಚ್ಚಿಸಿಕೊಂಡಾಕಿನ್ನ ಕೇಳದನ ಚುಚ್ಚಿದಾಕಿಗೆ ಶಿಕ್ಷಾ ಕೊಡಬ್ಯಾಡ್ರಿ. ಮಾದೇವಕ್ಕನ್ನ ಒಂದ ಮಾತ ಕೇಳೂಣು. ಆದ್ರ ಮಗನ ಮುಂದ ಕೇಳೂದ ಬ್ಯಾಡ" ಎಂದೆ. ಮಗ ಎದುರಿಗಿದ್ದರೆ ತಾಯಿ ಹೇಳುವುದು ಮಗನಿಗೆ ಬೇಕಾದ ಮಾತು. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ.

ಮುರಗೆಪ್ಪನನ್ನು ಹೊರಗೆ ನಿಲ್ಲಿಸಿ, ಮಂಚದ ಸುತ್ತ ಪರದೆ ಎಳೆದೆವು. ನಾನು ಮಂಚದ ಅಂಚಿಗೆ ಕೂತೆ.

"ಮಾದೇವಕ್ಕಾ, ಮುಂಜಾನಿ ಈ ಹುಡುಗಿ ನಿಮ್ಮನ್ನ ಏನರ ಕೇಳಿದ್ಲೇನ್ರಿ?"

"ಕೇಳಿದ್ಲಲ್ಲವ್ವಾ. ಭಾಳ ಛಲೋ ಹುಡುಗಿ. ಬಂದ ಕೂಡ್ಲೆ ಊಟ ಆತೇನ್ರಿ ಅಂತ ಮಾತಾಡಿಸಿದ್ಲು. ಆತವ್ವಾ ಅಂದೆ."

"ಆಗಿತ್ತೇನ್ರಿ?"

"ಎಲ್ಲೀದು? ನೀರ ಇಲ್ಲ, ಜಳಕಿಲ್ಲ, ಪೂಜಿ ಇಲ್ಲ. ಉಪ್ಪಿಟ್ಟ ಆರತೈತಿ ಅಂತ ಬಾಜೂಕಿನ ಸಿದ್ದಕ್ಕಗ ಕೊಟ್ಟೆ. ಪಾಪ, ಮಗಳ ಆರೈಕಿ ಮಾಡಿ ಮಾಡಿ ಹಸದಿದ್ಲು."

ಡಾಕ್ಟರಿಗೆ ತಡೆಯಲಾಗಲಿಲ್ಲ. "ಮತ್ತ ಆತು ಅಂತ ಸುಳ್ಳ ಯಾಕ ಹೇಳಿದ್ರಿ ಅವ್ವಾರ?"

ಆಕೆ ಅವರನ್ನು ನೋಡಿದ ರೀತಿ ನೀನು ನೋಡಬೇಕಿತ್ತು. "ಇದರಾಗ ಸುಳ್ಳೇನ ಬಂತೋ ಯಪ್ಪಾ? ಆಕಿ ಮಾತಾಡಿಸಿದ್ಲು, ನಾ ಮಾತಾಡಿದೆ. ಊಟ ಆತೇನು ಅಂದವರಿಗೆ ಯಾರರ ಇಲ್ಲ ಅಂತಾರೇನು? ಇಲ್ಲ ಅಂದ್ರ ಆ ಕೂಸು ತನ್ನ ಬುತ್ತಿ ಬಿಚ್ಚಬೇಕಾಗತೈತಿ."

ಮುರಗೆಪ್ಪ ಯಾವಾಗಲೋ ಒಳಗೆ ಬಂದು ಪರದೆಯ ಆಚೆ ನಿಂತಿದ್ದ, ಅವನ ದಪ್ಪ ಚಪ್ಪಲಿ ಕೆಳಗಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಚಪ್ಪಲಿ ಮೆಲ್ಲಗೆ ಹೊರಗೆ ನಡೆದುಹೋಯಿತು. ತಪ್ಪಾಯಿತು ಅನ್ನಲಿಲ್ಲ. ಅಂಥ ಗಂಡಸರ ಬಾಯಲ್ಲಿ ಆ ಮಾತು ಬರುವುದಿಲ್ಲ. ಮರುದಿನ ಟ್ರ್ಯಾಕ್ಟರಿನಲ್ಲಿ ವಾರ್ಡಿಗೆ ಒಂದು ಡ್ರಮ್ಮು ನೀರು ತಂದು ಇಳಿಸಿದ, ಅಷ್ಟೇ. ಸುವರ್ಣಾಳ ನೌಕರಿ ಉಳಿಯಿತು. ಸದ್ಯಕ್ಕೆ ಸೂಜಿ ಹಿಡಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಅವಳಿಗೆ ಇನ್ನೂ ನೋವಿದೆ, ನನ್ನ ಜೊತೆಗೂ ಮೊದಲಿನ ಹಾಗೆ ನಗುವುದಿಲ್ಲ.

ನಿನ್ನೆ ಕೇಳಿದಳು, "ಊಟ ಆತೇನು ಅಂತ ಕೇಳಬಾರದಂದ್ರ ಮತ್ತೇನಂತ ಕೇಳೂದ್ರಿ ಸಿಸ್ಟರ್?" ನಾನೆಂದೆ, "ಏನ ಉಂಡ್ರಿ ಅಂತ ಕೇಳ. ಯಾರ ನೀಡಿದ್ರು ಅಂತ ಕೇಳ. ಒಬ್ಬರ ಇದ್ದಾಗ ಕೇಳ. ಬಾಯಾಗ ಬಂದದ್ದ ಅಷ್ಟ ಕೇಳಿ ಹೊಳ್ಳಿ ಬರಬ್ಯಾಡ, ಮೈ ಏನ್ ಹೇಳತೈತಿ ನೋಡ." ದೊಡ್ಡ ಜಾಣೆಯ ಹಾಗೆ ಹೇಳಿ ಮನೆಗೆ ಬಂದೆ. ತಾಟಿನ ಮುಂದೆ ಕೂತವಳು ರೊಟ್ಟಿ ಮುರಿಯದೆ ಎದ್ದೆ. ನಿನ್ನಪ್ಪ ಏನಾಯಿತೆಂದರು. ಅವರಿಗೆ ಎಲ್ಲ ಹೇಳಿದೆ.

ಅತ್ತೆ ಮಾವನಿಗೆ ನಮಸ್ಕಾರ ತಿಳಿಸು ಎಂದು ಬರೆಯಬೇಕು. ಈ ಪತ್ರ ನೀನೊಬ್ಬಳೇ ಓದುವುದು, ಹಾಗಾಗಿ ಅದನ್ನೂ ಬಿಟ್ಟೆ. ಮೈ ತುಂಬ ಆರೋಗ್ಯ, ಮನೆ ತುಂಬ ನಗು ಇಟ್ಟುಕೊಂಡು ನೂರು ಕಾಲ ಬಾಳು ಮಗಳೇ. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇದೆ.

ನಿನ್ನ ಅವ್ವ,
ಗಂಗಾಂಬಿಕಾ

ತಾ.ಕ.: ಐತವಾರಕ್ಕೊಮ್ಮೆ ಫೋನಿನಲ್ಲಿ ನಾನು "ಆರಾಮ ಅದೀಯೇನವ್ವಾ?" ಅನ್ನುತ್ತೇನೆ, ನೀನು "ಆರಾಮ ಬೇ" ಅನ್ನುತ್ತೀ. ನಿಮ್ಮ ಫೋನು ಪಡಸಾಲೆಯಲ್ಲಿದೆ. ಪಕ್ಕದಲ್ಲಿ ಕೂತ ನಿನ್ನ ಗಂಡನ ಕೆಮ್ಮು ನನಗೆ ಕೇಳಿಸುತ್ತಿರುತ್ತದೆ. ನಾನು ಮಾತಾಡಿಸುತ್ತೇನೆ, ನೀನು ಮಾತಾಡುತ್ತೀ.

ಜೋಕಾಲಿಯ ಹಗ್ಗ ಹಿಡಿಯಲು ಕೈ ಮೇಲೆ ಹೋಗಬೇಕು. ಹೆರಳು ಹಾಕಿಕೊಳ್ಳಲೂ ಹೋಗಬೇಕು. ಅವತ್ತು ತಲೆ ಹಿಕ್ಕುವಾಗ ನನ್ನ ಮೊಣಕೈ ನಿನ್ನ ಬಲಭುಜಕ್ಕೆ ತಾಗಿತು, ನೀನು ಉಸಿರು ಹಿಡಿದೆ. ಕೂದಲು ಜಗ್ಗಿತೇನೋ ಅಂದುಕೊಂಡು ನಾನು ಹಾಡು ಗುನುಗುತ್ತ ಹೆರಳು ಹೆಣೆದೆ. ಕಂಡವರ ಮಕ್ಕಳ ಮೈ ನೋಡಿ ಕಾಯಿಲೆ ಹೇಳುವವಳು ನಾನು. ಸಾಲಿಯಲ್ಲಿ ಕರಿಫಳಿಯ ಮೇಲೆ ಕೈ ಎತ್ತಿ ಹೇಗೆ ಬರೆಯುತ್ತೀ ನನ ಕೂಸೇ?

ಬರುವ ಶನಿವಾರ ಸಾಲಿ ಬಿಡುವ ಹೊತ್ತಿಗೆ ನಿನ್ನ ಸಾಲಿ ಗೇಟಿನ ಹೊರಗೆ ನಿಂತಿರುತ್ತೇನೆ. ಅಪ್ಪ ನಿನ್ನ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ. ಆರಾಮ ಅದೀಯೇನು ಅಂತ ನಾನು ಕೇಳುವುದಿಲ್ಲ. ಹಣಿಗೆ ತರುತ್ತೇನೆ. ನನ್ನ ಮುಂದೆ ನಿಂತು ನೀನೇ ನಿನ್ನ ತಲೆ ಹಿಕ್ಕಿಕೋ. ಕೈ ಮೇಲೇಳದಿದ್ದರೆ ಒಂದು ಮಾತೂ ಹೇಳಬೇಡ, ಹಾಗೇ ನನ್ನ ಜೊತೆ ಬಸ್ಸು ಹತ್ತು.